ಜೀಬ್ರಾ ಆಗಿ ಹುಟ್ಟಬಾರದಿತ್ತೇ?

ತಾಂಜಾನಿಯಾದ ಗೊರೊಂಗೊರೊದಲ್ಲಿ ಸುಖವಾಗಿ ಬಾಳಬೇಕೆಂದರೆ ನಾಲ್ಕು ಕಾಲಿರಬೇಕು, ಮೈಮೇಲೆ ಪಟ್ಟೆಯೋ ಚುಕ್ಕೆಯೋ ಇರಬೇಕು. ಎರಡೇ ಕಾಲಿದ್ದರೂ ಪರವಾಗಿಲ್ಲ, ಆದರೆ ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿರಬೇಕು, ಜೇಬಿನಲ್ಲಿ ಡಾಲರ್ ಇರಬೇಕು. ಈ ಎರಡೂ ಜಾತಿಗೆ ಸೇರದೆ, ಕೆಂಪು ಹೊದಿಕೆ ಹೊದ್ದು, ಕೋಲು ಹಿಡಿದು, ದನ ಮೇಯಿಸಿಕೊಂಡಿರುವ ಮಸಾಯಿಯಾಗಿ ಅಲ್ಲಿ ಹುಟ್ಟಿದರೆ ಅದು ಪೂರ್ವಜನ್ಮದ ಕರ್ಮವೇ ಸರಿ.

1959ರಲ್ಲಿ ಬ್ರಿಟಿಷರು ಗೊರೊಂಗೊರೊವೂ ಸೇರಿದ್ದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವನ್ನು ಹೋಳು ಮಾಡಿದರು. ದೊಡ್ಡ ಹೋಳು ಪ್ರಾಣಿಗಳ ಪಾಲಾಯಿತು, ಮಸಾಯಿಗಳು ಅಲ್ಲಿಂದ ಗಂಟುಮೂಟೆ ಕಟ್ಟಿದರು. ಸುಮಾರು 8,300 ಚದರ ಕಿಲೋಮೀಟರಿನ ಗೊರೊಂಗೊರೊ ಮಾತ್ರ ಪ್ರಾಣಿಗೂ ಮನುಷ್ಯರಿಗೂ ಒಟ್ಟಿಗೆ. ಆಗಿನ ಗವರ್ನರ್ ಟರ್ನ್‌ಬುಲ್ ಸಾಹೇಬರು ಮಸಾಯಿ ಮುಖಂಡರಿಗೆ ಮಾತನ್ನೂ ಕೊಟ್ಟರು: ಪ್ರಾಣಿಗೂ ನಿಮಗೂ ಜಟಾಪಟಿ ಬಂದರೆ ನಿಮ್ಮ ಹಿತವೇ ಮೊದಲು ಅಂತ. ಸ್ವಲ್ಪ ಕಾಲದಲ್ಲೇ ದೇಶಕ್ಕೆ ಸ್ವಾತಂತ್ರ್ಯ ಬಂತು, ಸಾಹೇಬರು ಹೋದರು. ಹೋಗುವಾಗ ಆ ಮಾತನ್ನೂ ಪೆಟ್ಟಿಗೆಗೆ ಹಾಕಿಕೊಂಡು ಹೋದಂತೆ ಕಾಣುತ್ತದೆ.

ಅಲ್ಲಿಂದ ಮುಂದೆ ನಿಯಮಗಳ ಮಳೆ. ಗೊರೊಂಗೊರೊದ ನಡುವೆ ಹಳೇ ಜ್ವಾಲಾಮುಖಿ ಕುಸಿದು ಆದ ಆರುನೂರು ಮೀಟರ್ ಆಳದ ಕುಳಿಯಿದೆ. ನೀರು, ಹುಲ್ಲು, ದನ ನೆಕ್ಕುವ ಉಪ್ಪುಮಣ್ಣು ಎಲ್ಲ ಅಲ್ಲೇ. ಎಪ್ಪತ್ತರ ದಶಕದಲ್ಲಿ ಕುಳಿಯೊಳಗಿನ ಮಸಾಯಿ ಮನೆಗಳನ್ನು ಎಬ್ಬಿಸಿದರು. 1975ರಲ್ಲಿ ಬೇಸಾಯ ಅಪರಾಧವಾಯಿತು. 1992ರಲ್ಲಿ ಗುದ್ದಲಿಯಲ್ಲಿ ಅಗೆದು ಒಂದಿಷ್ಟು ಬೆಳೆದುಕೊಳ್ಳಿ ಎಂದರು. 2009ರ ಹೊತ್ತಿಗೆ ಅದೂ ಬೇಡವಾಯಿತು. ದನ ಕಡಿಮೆಯಾದ ಮನೆಯವರು ಗುಡಿಸಲ ಪಕ್ಕ ನಾಲ್ಕು ಸಾಲು ಮೆಕ್ಕೆಜೋಳ ಹಾಕುತ್ತಿದ್ದದ್ದು ಉಗಾಲಿಗಾಗಿ. ನಮ್ಮ ರಾಗಿಮುದ್ದೆಯ ಬಿಳಿ ತಮ್ಮ ಅಂದುಕೊಳ್ಳಿ. ಈಗ ಮೆಕ್ಕೆಜೋಳದ ಹಿಟ್ಟನ್ನು ದನ ಮಾರಿ ಕೊಳ್ಳಬೇಕು. ದನ ಮಾರುತ್ತಾ ಹೋದರೆ ಉಳಿಯುವುದು ಹಗ್ಗ.

ಇನ್ನು ದನದ ಕಷ್ಟಕ್ಕೆ ಬನ್ನಿ. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿನ ಬಯಲಿನಲ್ಲಿ ಎಳೆ ಹುಲ್ಲು ಚಿಗುರಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ವೈಲ್ಡ್‌ಬೀಸ್ಟ್ ಎಂಬ ಕಾಡುಮೃಗಗಳು ಲಕ್ಷಾಂತರ ಸಂಖ್ಯೆಯಲ್ಲಿ ಬಂದು ಕರು ಹಾಕುತ್ತವೆ. ಆ ಕರುಗಳ ಮೂಗಿನ ಸಿಂಬಳದಲ್ಲಿ ಒಂದು ವೈರಸ್ ಇರುತ್ತದೆ. ವೈಲ್ಡ್‌ಬೀಸ್ಟ್‌ಗೆ ಅದರಿಂದ ಕೂದಲೂ ಕೊಂಕದು. ದನಕ್ಕೆ ತಗುಲಿದರೆ ಜ್ವರ ಏರಿ, ಮೂಗು ಬಾಯಿ ಸೋರಿ, ಕಣ್ಣಿಗೆ ಬಿಳಿ ಪೊರೆ ಕಟ್ಟಿ, ಕೆಲವೇ ದಿನದಲ್ಲಿ ನೆಲ ಹಿಡಿಯುತ್ತದೆ. ಮದ್ದಿಲ್ಲ. ಹಾಗಾಗಿ ವರ್ಷದ ಅತ್ಯುತ್ತಮ ಹುಲ್ಲನ್ನು ವೈಲ್ಡ್‌ಬೀಸ್ಟ್‌ಗೆ ಬಿಟ್ಟುಕೊಟ್ಟು ಮಸಾಯಿ ತನ್ನ ದನಗಳನ್ನು ಹೊಡೆದುಕೊಂಡು, ಉಣ್ಣೆ ಹುಳು ತುಂಬಿದ ಒರಟು ಹುಲ್ಲಿನ ಬೆಟ್ಟ ಹತ್ತುತ್ತಾನೆ. ತಲೆತಲಾಂತರದಿಂದ ಹತ್ತುತ್ತಿದ್ದಾನೆ. ಇಂಥವನಿಗೆ ಸಂರಕ್ಷಣಾ ಪಂಡಿತರು ಕೊಟ್ಟಿರುವ ಬಿರುದು: ಹುಲ್ಲುಗಾವಲು ಹಾಳುಮಾಡುವವ.

ಮನೆ ಕಟ್ಟುವುದು ಅಲ್ಲಿ ಹೆಂಗಸರ ಕೆಲಸ. ಕಡ್ಡಿ ನೆಟ್ಟು, ಹೆಣೆದು, ಮೇಲೆ ಮಣ್ಣು ಮತ್ತು ಸೆಗಣಿ ಮೆತ್ತುತ್ತಾರೆ. ಮಳೆಗೆ ಸೂರು ಸೋರಿದರೆ ಮರುದಿನ ಮತ್ತೆ ಸೆಗಣಿ ಹಿಡಿದು ಮೇಲೆ ಹತ್ತುವವಳೂ ಅವಳೇ. ಕತ್ತೆಯ ಮೇಲೆ ಕ್ಯಾನು ಹೇರಿ ದೂರದಿಂದ ನೀರು ತರುವವಳೂ ಅವಳೇ. ಸಿಮೆಂಟಿನ ಗೋಡೆ ಎಬ್ಬಿಸಬೇಕೆಂದರೆ ಅಪ್ಪಣೆ ಬೇಕು. ಅಪ್ಪಣೆ ಸಿಗುವುದು ಸುಲಭವಿಲ್ಲ, ಪರಿಸರ ಸೂಕ್ಷ್ಮವಲ್ಲವೇ! ಆ ಸೂಕ್ಷ್ಮ ಪರಿಸರದಲ್ಲೇ, ಕುಳಿಯ ಅಂಚಿನ ಮೇಲೆ, ಮಸಾಯಿ ಗುಡಿಸಲಿನ ಚಂದಕ್ಕೆ ಮರುಳಾದವರು ಅದೇ ಆಕಾರದ ಐಷಾರಾಮಿ ವಸತಿಗೃಹ ಕಟ್ಟಿದ್ದಾರೆ. ಹೊರಗೆ ಹುಲ್ಲು ಮಣ್ಣಿನ ವೇಷ, ಒಳಗೆ ಸ್ಫಟಿಕದ ತೂಗುದೀಪ. ಒಂದು ರಾತ್ರಿಯ ಬಾಡಿಗೆ ಸಾವಿರ ಡಾಲರ್ ದಾಟುತ್ತದೆ. ಅಂದರೆ ತಪ್ಪು ಗುಡಿಸಲಿನದಲ್ಲ, ಒಳಗಿರುವವರದು.

ಪ್ರವಾಸಿಯ ಪ್ರವೇಶ ಶುಲ್ಕ ತಲೆಗೆ ಸುಮಾರು 70 ಡಾಲರ್, ಕುಳಿಗೆ ಜೀಪ್ ಇಳಿಸಲು ಇನ್ನೂ ಮುನ್ನೂರರ ಹತ್ತಿರ. ಕುಳಿಗೆ ಜೀಪ್ ಇಳಿಯಬಹುದು, ಹಸು ಇಳಿಯಕೂಡದು. ಹಸುವಿನ ಗೊರಸಿನಿಂದ ಮಣ್ಣು ಸವೆಯುತ್ತದಂತೆ. ಜೀಪಿನ ಚಕ್ರ ಬಹುಶಃ ಹೂವಿನದಿರಬೇಕು. ಇಷ್ಟಾದ ಮೇಲೂ ಮಸಾಯಿ ಬೇಕೇಬೇಕು, ಸಂಜೆಯ ಕುಣಿತಕ್ಕೆ. ರಸ್ತೆ ಬದಿಯ ಪ್ರದರ್ಶನ ಹಟ್ಟಿಗಳಲ್ಲಿ ಮಣಿಸರ ಮಾರಿ, ಹುಡುಗರು ಎತ್ತರೆತ್ತರಕ್ಕೆ ನೆಗೆದು ತೋರಿಸುತ್ತಾರೆ. ನೆಗೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕೆಳಗೆ ಬಂದು ನಿಲ್ಲುವುದಕ್ಕೆ ನೆಲ ಮಾತ್ರ ಕೇಳಬಾರದು.

ಅಲ್ಲಿ ಶಾಶ್ವತವಾಗಿ ನೆಲ ಸಿಕ್ಕವರೂ ಇದ್ದಾರೆ. ಸೆರೆಂಗೆಟಿಯನ್ನು ಜಗತ್ತಿಗೆ ಪರಿಚಯಿಸಿದ ಜರ್ಮನಿಯ ಬೆರ್ನ್‌ಹಾರ್ಡ್ ಗ್ರಿಮೆಕ್, ರಾಷ್ಟ್ರೀಯ ಉದ್ಯಾನದೊಳಗೆ ಮನುಷ್ಯರು ಇರಲೇಬಾರದು, ಸ್ಥಳೀಯರೂ ಕೂಡ, ಎಂದು ಬರೆದವರು. ಪ್ರಾಣಿ ಎಣಿಸಲು ವಿಮಾನದಲ್ಲಿ ಹಾರುತ್ತಿದ್ದ ಅವರ ಮಗ 1959ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಆ ಸಂಕಟವನ್ನು ಗೇಲಿ ಮಾಡಲಾರೆ. ಆದರೆ ತಂದೆ ಮಗ ಇಬ್ಬರ ಸಮಾಧಿಯೂ ಗೊರೊಂಗೊರೊ ಕುಳಿಯ ಅಂಚಿನಲ್ಲೇ ಇದೆ, ಯಾವ ನೋಟೀಸೂ ಬಾರದೆ.

ಪಕ್ಕದ ಲೊಲಿಯೊಂಡೊದಲ್ಲಿ ಸಂರಕ್ಷಣೆ ಇನ್ನೂ ಒಂದು ಹೆಜ್ಜೆ ಮುಂದೆ. 1992ರಿಂದ ಅಲ್ಲಿ ಅರಬ್ ಎಮಿರೇಟ್ಸ್‌ನ ಕಂಪನಿಯೊಂದಕ್ಕೆ ಬೇಟೆಯ ಪರವಾನಗಿ. ಪ್ರಾಣಿಯನ್ನು ಗುಂಡಿಕ್ಕಿ ಕೊಲ್ಲುವವನು ಅತಿಥಿ. ಬೇಟೆ ಮಾಂಸವನ್ನು ಮುಟ್ಟದ, ದನ ಬಿಟ್ಟು ಬೇರೇನೂ ಬೇಡದ ಮಸಾಯಿ ಕಂಟಕ! 2022ರ ಜೂನ್‌ನಲ್ಲಿ 1,500 ಚದರ ಕಿ.ಮೀ. ಮೇವಿನ ಭೂಮಿಗೆ ಗಡಿಕಲ್ಲು ನೆಡಲು ಪೊಲೀಸರು ಬಂದರು. ಬಾಣ ತಗುಲಿ ಒಬ್ಬ ಪೊಲೀಸ್ ಸತ್ತ. ಗುಂಡು ತಿಂದ ಮಸಾಯಿಗಳು ಗಡಿ ದಾಟಿ ಕೆನ್ಯಾದ ಆಸ್ಪತ್ರೆಗೆ ಓಡಿದರು. ತಮ್ಮ ದೇಶದಲ್ಲೇ ಚಿಕಿತ್ಸೆ ಪಡೆಯಬಹುದಿತ್ತಲ್ಲ ಎನ್ನಬೇಡಿ. ಹೊಡೆದಾಟದ ಗಾಯಕ್ಕೆ ಅಲ್ಲಿ ಆಗ ಮೊದಲು ಪೊಲೀಸರಿಂದ ಫಾರಂ ತರಬೇಕಿತ್ತು. ಗುಂಡು ಹಾರಿಸಿದವರ ಹತ್ತಿರವೇ ಫಾರಂ.

ಸರ್ಕಾರದ ವಾದವನ್ನೂ ಕೇಳಬೇಕು. 1959ರಲ್ಲಿ ಎಂಟು ಸಾವಿರವಿದ್ದ ಗೊರೊಂಗೊರೊದ ಜನ ಈಗ ಲಕ್ಷದ ಹತ್ತಿರ, ದನಕುರಿಗಳೂ ಹೆಚ್ಚಿವೆ. ಸುಳ್ಳೇನಲ್ಲ. ಅದಕ್ಕೆ ಪರಿಹಾರವಾಗಿ ಸುಮಾರು 600 ಕಿಲೋಮೀಟರ್ ಆಚೆ, ಹಂಡೇನಿ ಜಿಲ್ಲೆಯ ಎಂಸೊಮೆರಾ ಎಂಬ ಊರಿನಲ್ಲಿ ಸಾಲು ಮನೆ ಕಟ್ಟಿ, ಇಷ್ಟವಿದ್ದವರು ಹೋಗಬಹುದು ಎಂದರು. ಆ ಊರಿನಲ್ಲಿ ಮೊದಲೇ ಜನರಿದ್ದರು, ಅವರ ಹೊಲವೂ ಇತ್ತು ಎನ್ನುವುದು ಸಣ್ಣ ವಿಷಯ. ಇತ್ತ ಗೊರೊಂಗೊರೊದಲ್ಲಿ ಆಸ್ಪತ್ರೆ, ಶಾಲೆಗಳ ಸೌಕರ್ಯವನ್ನು ಒಂದೊಂದಾಗಿ ಕಳಚಿದರೆಂದು ಹ್ಯೂಮನ್ ರೈಟ್ಸ್ ವಾಚ್ 2024ರಲ್ಲಿ ವರದಿ ಮಾಡಿತು. ಇಷ್ಟ ಹುಟ್ಟಿಸುವ ವಿಧಾನ ಇದು.

ಅಷ್ಟಕ್ಕೂ ಇಷ್ಟ ಹುಟ್ಟದಿದ್ದಾಗ, 2024ರ ಆಗಸ್ಟ್‌ನಲ್ಲಿ ಒಂದು ಸರ್ಕಾರಿ ಆದೇಶ ಹೊರಟು ಗೊರೊಂಗೊರೊದ 25 ಹಳ್ಳಿಗಳನ್ನು ಕಾಗದದಿಂದಲೇ ಅಳಿಸಿತು. ಹಳ್ಳಿ ಇಲ್ಲವೆಂದರೆ ಮತದಾರನೂ ಇಲ್ಲ, ತಕರಾರೂ ಇಲ್ಲ. ಆಗಸ್ಟ್ 18ರಂದು ಸಾವಿರಾರು ಮಸಾಯಿಗಳು ರಸ್ತೆಗೆ ಇಳಿದು ಸಫಾರಿ ಜೀಪುಗಳನ್ನು ತಡೆದರು. ಪ್ರವಾಸಿಗಳಿಗೆ ಅಂದು ಬಿಟ್ಟಿ ದರ್ಶನ. ಅರುಷಾದ ಹೈಕೋರ್ಟು ಆದೇಶಕ್ಕೆ ತಡೆ ಕೊಟ್ಟಿತು, ಹಳ್ಳಿಗಳು ಮತ್ತೆ ಕಾಗದದ ಮೇಲೆ ಪ್ರತ್ಯಕ್ಷವಾದವು. ವರ್ಷಗಟ್ಟಲೆ ಮನವಿ ಕೊಟ್ಟು ಆಗದ್ದು ಕೆಲವೇ ದಿನದಲ್ಲಿ ಆಯಿತು: ಜೀಪು ನಿಂತರೆ ಡಾಲರ್ ನಿಲ್ಲುತ್ತದೆ, ಡಾಲರ್ ನಿಂತರೆ ಸರ್ಕಾರಕ್ಕೆ ಕಿವಿ ಕೇಳಿಸುತ್ತದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಮಸಾಯಿ ಮುಖಂಡರನ್ನು ಅರುಷಾಕ್ಕೆ ಕರೆಸಿ, ಭೂಮಿಯ ತಕರಾರಿಗೆ ಒಂದು, ಸ್ಥಳಾಂತರಕ್ಕೆ ಒಂದು, ಹೀಗೆ ಎರಡು ಆಯೋಗ ರಚಿಸುವುದಾಗಿ ಹೇಳಿದರು. ಆಯೋಗವೆಂದರೆ ಏನೆಂದು ಕನ್ನಡದ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.