ಐದು ರೂಪಾಯಿ ಚೀಟಿಯ ಸಂಸಾರ

ಅಂಚೆಚೀಟಿ ಸಂಗ್ರಹ ಬಡವರ ಹವ್ಯಾಸ ಅಂತ ನನ್ನ ತಲೆಗೆ ತುಂಬಿದ ಪುಣ್ಯಾತ್ಮ ಯಾರೋ! ಚೀಟಿಗೆ ಐದೇ ರೂಪಾಯಿ, ನಿಜ. ಆದರೆ ಅದನ್ನು ಬೆರಳಲ್ಲಿ ಮುಟ್ಟುವಂತಿಲ್ಲ, ಚಿಮಟ ಬೇಕು. ಅಂಚಿನ ಹಲ್ಲು ಎಣಿಸಲು ಭೂತಗನ್ನಡಿ, ಮಲಗಿಸಲು ಆಲ್ಬಂ, ಆಲ್ಬಂಗೆ ಮಳೆಗಾಲದ ತೇವ ತಗುಲದಂತೆ ಬೀರು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು!

ಖರ್ಚಿಗೆ ಕಡಿವಾಣ ಹಾಕಲೆಂದೇ ಅಂಚೆ ಇಲಾಖೆಯಲ್ಲಿ ಫಿಲಾಟೆಲಿ ಠೇವಣಿ ಖಾತೆ ತೆರೆದೆ. 200 ರೂಪಾಯಿ ಕಟ್ಟಿದರೆ ಹೊಸ ಚೀಟಿಗಳು ಮನೆಗೇ ಬರುತ್ತವೆ, ಅಂಗಡಿ ಸುತ್ತುವ ಚಪಲ ತಪ್ಪುತ್ತದೆ ಅಂದುಕೊಂಡೆ. ಎಲ್ಲಿ ತಪ್ಪಿತು? ಹೊಸದು ಬಂದಷ್ಟೂ ಹಳೆಯದರ ಮೇಲೆ ಕಣ್ಣು. 1852ರ ಸಿಂಧ್ ಡಾಕ್ ಚೀಟಿ ಈ ಜನ್ಮಕ್ಕಿಲ್ಲ, ಬಿಡಿ. 1854ರಲ್ಲಿ ವಿಕ್ಟೋರಿಯಾ ರಾಣಿಯ ತಲೆ ಉಲ್ಟಾ ಅಚ್ಚಾದ ನಾಲ್ಕಾಣೆ ಚೀಟಿಯ ಬೆಲೆಯನ್ನಂತೂ ಕೂತುಕೊಂಡೇ ಕೇಳಬೇಕು.

"ತಪ್ಪಾಗಿ ಅಚ್ಚಾದದ್ದಕ್ಕೆ ಅಷ್ಟು ದುಡ್ಡೇನ್ರೀ? ಹಾಗಾದ್ರೆ ನಿಮಗೂ ಒಳ್ಳೇ ರೇಟ್ ಬರತ್ತೆ" ಅಂದಳು ಹೆಂಡತಿ. ಈಗ ಹವ್ಯಾಸದ ಹಣಕಾಸು ಖಾತೆ ಅವಳದೇ.

ನಿಮ್ಮಜ್ಜನ ಕಾಲದ ಕಾಗದಗಳು ಅಟ್ಟದಲ್ಲಿದ್ದರೆ ದಯವಿಟ್ಟು ಲಕೋಟೆ ಎಸೆಯಬೇಡಿ. ನಾನೇ ಬಂದು ಒಯ್ಯುತ್ತೇನೆ, ಬಿಟ್ಟಿ ಕೊಡುವುದಾದರೆ.