ಎಲೆ ಚಿತ್ರಕ್ಕೆ ಮಳೆ ಬೇಕಿಲ್ಲ

ಮಳೆ ಕೈಕೊಟ್ಟ ವರ್ಷ ತಮಿಳುನಾಡಿನ ಹೊಸೂರು ಬಳಿಯ ಕೆಲಮಂಗಲದ ಹೊಲಗಳಲ್ಲಿ ರಾಗಿ ಒಣಗಬಹುದು, ಅಂಗಡಿಯ ಶೆಲ್ಫಿನಲ್ಲಿ ಮಾತ್ರ ಹಸಿರಿಗೆ ಬರವಿಲ್ಲ. ಸೋಪಿನ ಮೇಲೆ ಎಲೆ, ಪಾತ್ರೆ ತೊಳೆಯುವ ಬಾಟಲಿಯ ಮೇಲೆ ಎಲೆ, ಸೊಳ್ಳೆ ಕೊಲ್ಲುವ ಎಣ್ಣೆಯ ಮೇಲೂ ಎರಡೆಲೆ. ಒಂದು ಫಿನೈಲ್ ಡಬ್ಬದ ಮೇಲಂತೂ ಜಲಪಾತವೇ ಸುರಿಯುತ್ತಿದೆ. ಹೊಗೇನಕಲ್ಲಿಗೆ ಹೋಗುವ ಬಸ್ ಚಾರ್ಜು ಉಳಿಯಿತು.

ಸೋಪು ಕೊಳ್ಳಲು ಬಂದ ಅಜ್ಜಿಯೊಬ್ಬರು ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ, "ಇದ್ಯಾವ ಗಿಡದ ಎಲೆ ಶೆಟ್ರೇ?" ಎಂದರು. ಶೆಟ್ಟರಿಗೆ ಗೊತ್ತಿಲ್ಲ. ಸೋಪು ಮಾಡಿದವರಿಗೂ ಗೊತ್ತಿರಲಾರದು. ಬೇವಲ್ಲ, ಹೊಂಗೆಯಲ್ಲ, ಹುಣಸೆಯಂತೂ ಅಲ್ಲವೇ ಅಲ್ಲ. ಲೇಬಲ್ಲಿನ ಮೇಲೆ ಮಾತ್ರ ಚಿಗುರುವ ಜಾತಿ ಅದು. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ಗಿರಾಕಿಯ ಹತ್ತಿರ ಮಾತ್ರ ಹತ್ತು ರೂಪಾಯಿ ಜಾಸ್ತಿ ಕೇಳುತ್ತದೆ.

ಸರ್ಕಾರ ಕಣ್ಣು ಮುಚ್ಚಿ ಕೂತಿತ್ತು ಎನ್ನಬೇಡಿ. ಪರಿಸರಕ್ಕೆ ಕಡಿಮೆ ಕೇಡು ಮಾಡುವ ಸರಕಿಗೆ ಹಾಕಲೆಂದು 1991ರಲ್ಲೇ ಇಕೋಮಾರ್ಕ್ ಮುದ್ರೆ ತಂದಿತು. ಲಾಂಛನ ಮಣ್ಣಿನ ಮಡಕೆ. ಮಾಡಲು ಹೆಚ್ಚು ಇಂಧನ ಬೇಡ, ವಿಷದ ಕಸ ಉಳಿಯುವುದಿಲ್ಲ. ಆಯ್ಕೆಯಲ್ಲಿ ಹುಳುಕಿಲ್ಲ. ಸೋಪು, ಕಾಗದ, ಬಣ್ಣ, ಬ್ಯಾಟರಿ, ಚರ್ಮ, ಬೆಂಕಿ ಆರಿಸುವ ಸಿಲಿಂಡರ್ ಹೀಗೆ 16 ಬಗೆಯ ಸರಕು ಪಟ್ಟಿಯಲ್ಲಿದ್ದವು. ಮಡಕೆ ಇರಲಿಲ್ಲ. ಮುದ್ರೆ ಬೇಕಾದವರು ಅರ್ಜಿ ಹಾಕಿ, ಪರೀಕ್ಷೆ ಮಾಡಿಸಿ, ಶುಲ್ಕ ಕಟ್ಟಬೇಕು. ಬೇಡವಾದವರು ಆರ್ಟಿಸ್ಟ್ ಹತ್ತಿರ ಒಂದು ಎಲೆ ಬರೆಸಿಕೊಂಡರೆ ಸಾಕು. ಇಕೋಮಾರ್ಕ್ ಪಡೆದವರು ಬೆರಳೆಣಿಕೆಯಷ್ಟು. ನಿಮ್ಮ ಬಚ್ಚಲಿನಲ್ಲಿ ಆ ಮಡಕೆಯ ಗುರುತಿರುವ ಒಂದು ಸೋಪು ಹುಡುಕಿ ನೋಡಿ, ನಾನು ಕಾಯುತ್ತೇನೆ.

2024ರ ಸೆಪ್ಟೆಂಬರಿನಲ್ಲಿ ಹಳೆಯ ಯೋಜನೆಯ ಜಾಗಕ್ಕೆ ಹೊಸ ಇಕೋಮಾರ್ಕ್ ನಿಯಮ ಬಂತು. ಈಗಲೂ ಇಷ್ಟವಿದ್ದವರಿಗೆ ಮಾತ್ರ. ಮರು ತಿಂಗಳೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇನ್ನೊಂದು ಮಾರ್ಗಸೂಚಿ ಹೊರಡಿಸಿತು: 'ನೈಸರ್ಗಿಕ', 'ಪರಿಸರಸ್ನೇಹಿ' ಎಂದೆಲ್ಲ ಬಾಯಿಗೆ ಬಂದಂತೆ ಬರೆಯಬಾರದು, ಬರೆದರೆ ಪುರಾವೆ ಕೊಡಬೇಕು. ಕೊಡುವುದು ಹೇಗೆ? ಕ್ಯೂಆರ್ ಕೋಡ್ ಹಾಕಿದರೂ ಆಯಿತು. ನಮ್ಮ ಅಜ್ಜಿ ಇನ್ನು ಸೋಪಿಗೆ ಫೋನ್ ಹಿಡಿದು, ವೆಬ್‌ಸೈಟ್ ತೆರೆದು, ಇಂಗ್ಲಿಷಿನ ವರದಿ ಓದಿ ಮುಗಿಸಿ ಸ್ನಾನಕ್ಕೆ ಹೋಗಬಹುದು. ಅದೇ ಮಾರ್ಗಸೂಚಿ ಇನ್ನೊಂದು ಉಪಕಾರವನ್ನೂ ಮಾಡಿದೆ. ದಾರಿ ತಪ್ಪಿಸುವಂತಿಲ್ಲದಿದ್ದರೆ ಸಾಮಾನ್ಯ ಬಣ್ಣ, ಚಿತ್ರಗಳಿಗೆ ಅಡ್ಡಿಯಿಲ್ಲ. ಎಲೆ ಬಚಾವಾಯಿತು!

ಇನ್ನು ಭಾಷೆ. ಇಲ್ಲಿಯ ಎಷ್ಟೋ ಜನ ಮನೆಯಲ್ಲಿ ಕನ್ನಡ ಆಡಿ, ವ್ಯಾಪಾರದಲ್ಲಿ ತೆಲುಗು ಆಡಿ, ಬಸ್ಸಿನ ಬೋರ್ಡು ತಮಿಳಿನಲ್ಲಿ ಓದುವವರು. ತಿನ್ನುವ ಪದಾರ್ಥದ ಲೇಬಲ್ಲು ಮಾತ್ರ ಕಾನೂನಿನ ಪ್ರಕಾರ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಇರಬೇಕು. ಮಿಕ್ಕ ಭಾಷೆ ಕಂಪನಿಯ ದಯೆ. ಮೂರು ಭಾಷೆ ಬಲ್ಲವರ ಕೈಗೆ ನಾಲ್ಕನೆಯದೋ ಐದನೆಯದೋ ಕೊಟ್ಟು 'ಗ್ರಾಹಕರಲ್ಲಿ ಅರಿವು ಸಾಲದು' ಎಂದು ದಿಲ್ಲಿಯಲ್ಲಿ ಕೊರಗುವುದು ಸುಲಭ.

ಮಾನ ಉಳಿಸಿಕೊಂಡದ್ದು ಒಂದೇ, ಫ್ರಿಜ್ಜಿನ ನಕ್ಷತ್ರ. 2006ರಲ್ಲಿ ಶುರುವಾದ ಈ ಚೀಟಿ ಫ್ರಾಸ್ಟ್-ಫ್ರೀ ಫ್ರಿಜ್ಜಿಗೆ, ಎ.ಸಿ.ಗೆ ಈಗ ಕಡ್ಡಾಯ. ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿ ಅದರಲ್ಲೇ ಇರುತ್ತದೆ. ನಿಜವೋ ಸುಳ್ಳೋ ಎಂಬುದನ್ನು ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲು ಹೇಳುತ್ತದೆ. ಆದರೆ ನಮ್ಮವರು ಅಂಕಿ ಬಿಟ್ಟು ನಕ್ಷತ್ರ ಎಣಿಸುತ್ತಾರೆ. ಐದು ನಕ್ಷತ್ರದ ದೊಡ್ಡ ಫ್ರಿಜ್ಜು ಮೂರು ನಕ್ಷತ್ರದ ಚಿಕ್ಕದಕ್ಕಿಂತ ಹೆಚ್ಚು ಕರೆಂಟ್ ಎಳೆಯಬಹುದು. ಪರಿಸರದ ಮೇಲಿನ ಪ್ರೀತಿಗೆ ಅಂಥ ದೊಡ್ಡದೊಂದನ್ನು ತಂದ ಮನೆಯವರು ಹಳೆಯದನ್ನೂ ಓಡಿಸುತ್ತಿದ್ದಾರೆ, ನೀರಿನ ಬಾಟಲಿ ಇಡಲು.

ನಿಜಕ್ಕೂ ಮುದ್ರೆಗೆ ಯೋಗ್ಯವಾದದ್ದಕ್ಕೆ ಮುದ್ರೆ ಅಂಟಿಸಲು ಜಾಗವೇ ಇಲ್ಲ. ಮಳೆ ನೀರಿನಲ್ಲೇ ಬೆಳೆದ ರಾಗಿ, ಗೋಣಿಚೀಲದಿಂದ ಸೇರಿನಲ್ಲಿ ಅಳೆದು ಅಜ್ಜಿಯ ಹಳದಿ ಬಟ್ಟೆಚೀಲಕ್ಕೆ ಬಿದ್ದು, ಅಲ್ಲಿಂದ ಹಿಟ್ಟಿನ ಮಿಷನ್ನಿಗೆ ಹೋಗುತ್ತದೆ. ಲೇಬಲ್ ಎಲ್ಲಿ ಹಚ್ಚುತ್ತೀರಿ, ಮುದ್ದೆಗೋ? ಆ ಚೀಲದ್ದೂ ಒಂದು ಕತೆ. 2021ರ ಡಿಸೆಂಬರಿನಲ್ಲಿ ತಮಿಳುನಾಡು ಸರ್ಕಾರ 'ಮೀಂಡುಂ ಮಂಜಪ್ಪೈ', ಅಂದರೆ ಮತ್ತೆ ಹಳದಿ ಚೀಲ ಹಿಡಿಯಿರಿ ಎಂದು ಸಾರಿತು. ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ಮತ್ತೆ ಹಿಡಿಯಲು ಅವರು ಬಿಟ್ಟಿದ್ದರಲ್ಲವೇ!

2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷ. ರಾಗಿಗೆ ಶುಕ್ರದೆಸೆ. ಇಲ್ಲಿಯ ರಾಗಿ ಲಾರಿ ಹತ್ತಿ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋಗಿ, ಹೆಸರು ಬದಲಿಸಿಕೊಂಡು, ಅರ್ಧ ಕಿಲೋ ಆಗಿ, ಹೊಳೆಯುವ ಪೊಟ್ಟಣದಲ್ಲಿ ಹೊಸೂರಿನ ಮೇಲೆ ವಾಪಸು ಬರುತ್ತದೆ. ಹೊರಗೆ ಕಾಗದದ ಕಂದು ಬಣ್ಣ, ಒಳಗೆ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್. ಮುಂದೆ ನೇಗಿಲು ಹಿಡಿದು ನಗುವ ರೈತ, ತಲೆಯ ಮೇಲೆ ಅದೇ ಎರಡೆಲೆ. ಹೋಗಿಬಂದ ಡೀಸೆಲ್ ಎಷ್ಟು ಎಂದು ಯಾವ ಮೂಲೆಯಲ್ಲೂ ಇಲ್ಲ.

ಪೊಟ್ಟಣದ ಬೆನ್ನಿಗೆ ಬಾಣಗಳ ಸಣ್ಣ ತ್ರಿಕೋನ, ಅದರೊಳಗೆ 7. ಅದು ಪ್ಲಾಸ್ಟಿಕ್ಕಿನ ಜಾತಿ ಹೇಳುವ ಅಂಕಿ. 1ರಿಂದ 6ರವರೆಗಿನ ಯಾವ ಗುಂಪಿಗೂ ಸೇರದ್ದು 7, ಗುಜರಿಯವರೂ ಸಾಮಾನ್ಯವಾಗಿ ಮುಟ್ಟದ ಮಾಲು. ಶೆಟ್ಟರ ವ್ಯಾಖ್ಯಾನವೇ ಬೇರೆ: "ಏಳು ಸಲ ಉಪಯೋಗಿಸಬಹುದು ಅಂತ ಬರ್ದವ್ರೆ." ಗಿರಾಕಿಗಳು ನಂಬಿದ್ದಾರೆ. ಪೊಟ್ಟಣ ತೊಳೆದು ಒಣಗಿಸಿ ಸಾಸಿವೆ ತುಂಬಿಡುತ್ತಾರೆ, ಅದು ಮುಗಿದರೆ ಜೀರಿಗೆ. ಹರಿಯುವವರೆಗೂ ಬಿಸಾಡುವುದಿಲ್ಲ.