ಕಾಯಿಯೂ ಕಾಯಿದೆಯೂ

ಕಾನೂನು ಓದಿಸಿಕೊಳ್ಳುವುದಕ್ಕೆ ಅವರೆಕಾಯಿ ಸುಲಿಯುವ ಹೊತ್ತಿಗಿಂತ ಒಳ್ಳೆಯದಿಲ್ಲ. ಕೈಗೆ ಕೆಲಸವಿರುತ್ತದೆ, ತಲೆಗೆ ಇರುವುದಿಲ್ಲ. ವಕೀಲರಾದ ನಮ್ಮ ಷಡ್ಡಕರು ಸೊಗಡಿನ ರಾಶಿ ನೋಡಿದೊಡನೆ ಬೆರಳು ಮುಟ್ಟಿಸದೆ 2006ರ ಆಹಾರ ಸುರಕ್ಷತೆ ಕಾಯಿದೆ ತೆಗೆದರು. ಸುಲಿಯುವುದನ್ನು ತಪ್ಪಿಸಿಕೊಳ್ಳಲು ಅವರು ಯಾವ ಕಾಯಿದೆ ಬೇಕಾದರೂ ತೆಗೆಯಬಲ್ಲರು.

ಅದರ ಮೂರನೇ ಸೆಕ್ಷನ್ ಪ್ರಕಾರ ಕೊಯ್ಲಿಗೆ ಮುಂಚಿನ ಗಿಡ ಆಹಾರವಲ್ಲ. ಮಾಗಡಿಯ ಹೊಲದಲ್ಲಿ ಇಬ್ಬನಿ ಕುಡಿದು ಘಮಘಮಿಸುವ ಅವರೆ ಇನ್ನೂ ಬರೀ ಗಿಡ. ಕೊಯ್ದ ಮೇಲೆ ಆಹಾರವಾಯಿತಲ್ಲ ಎಂದೆ. "ತಡೀರಿ" ಎಂದರು. 'ಪ್ರಾಥಮಿಕ ಆಹಾರ' ಎಂದರೆ ರೈತನಲ್ಲದವರ ಕೈಗೆ ಬಂದ ಬೆಳೆಯಂತೆ. ರೈತನಿಗೆ ಈ ಕಾಯಿದೆ ತಗುಲುವುದೇ ಇಲ್ಲ. ಮೂಟೆ ರೈತನ ಹೆಗಲಿಂದ ಮಂಡಿಯವನ ತಕ್ಕಡಿಗೆ ಇಳಿದ ಗಳಿಗೆಯಲ್ಲೇ ಕಾಯಿಗೆ ಉಪನಯನ.

ಒಳಗಿನಿಂದ ಅತ್ತೆಯವರ ದನಿ: "ಹಾಗಾದ್ರೆ ರೈತರ ಮನೇಲಿ ಸಾರಿಗೆ ಏನು ಹಾಕ್ತಾರೆ, ಅಳಿಯಂದ್ರೆ?"

ವಕೀಲರು ಕೇಳಿಸದವರಂತೆ ಮುಂದಿನ ಪದಕ್ಕೆ ಹೋದರು. 'ಹೊರವಸ್ತು' ಎಂದರೆ ಆಹಾರದಲ್ಲಿ ಸೇರಿಕೊಂಡರೂ ಅದನ್ನು ಅಸುರಕ್ಷಿತ ಮಾಡದಂಥದ್ದು. ಬೇಳೆಯೊಳಗಿನ ಕಲ್ಲು ಎಂದಿಟ್ಟುಕೊಳ್ಳಿ. ಈ ವ್ಯಾಖ್ಯೆ ಬರೆಯುವಾಗ ನನ್ನ ದವಡೆ ಹಲ್ಲನ್ನು ಯಾರೂ ಸಾಕ್ಷಿಗೆ ಕರೆದಿಲ್ಲ. ಹೊರವಸ್ತುವಿರುವ ಆಹಾರ ಮಾರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ, ನಿಜ. ಆದರೆ 2011ರ ನಿಯಮಗಳು ತೊಗರಿಬೇಳೆಯಲ್ಲಿ ತೂಕಕ್ಕೆ ಶೇಕಡಾ 1ರಷ್ಟನ್ನು ಕ್ಷಮಿಸಿವೆ. ಹುಳ ಕೊರೆದ ಕಾಳು ನೂರಕ್ಕೆ ಮೂರು ಇರಬಹುದು. ಹುಳ ತಿಂದದ್ದಷ್ಟೇ ಅಲ್ಲ, ತಿಂದು ಬಿಟ್ಟುಹೋದದ್ದಕ್ಕೂ ಲೆಕ್ಕವಿದೆ: ಕಿಲೋಗೆ 100 ಮಿಲಿಗ್ರಾಂ ಯೂರಿಕ್ ಆಮ್ಲದವರೆಗೆ ಮಾಫಿ. ಅತ್ತೆಯವರ ಮೊರದಲ್ಲಿ ಇಷ್ಟು ದಯೆ ನಾನು ಕಂಡಿಲ್ಲ.

ಬೇಳೆಯ ಮೇಲೆ ಕಾನೂನು ನಿಜಕ್ಕೂ ಸಿಟ್ಟಾದದ್ದು ಕೇಸರಿ ಬೇಳೆಯ ಮೇಲೆ. (ಪಕ್ಕದ ಮನೆಯವರು ಕೇಸರಿಬಾತಿಗೂ ನಿಷೇಧವೇ ಎಂದು ಗಾಬರಿಯಾದರು. ಅದು ರವೆ, ಸಂಬಂಧವಿಲ್ಲ.) ಮಳೆ ಕೈಕೊಟ್ಟರೂ ಬದುಕುವ ಬಡವರ ಬೆಳೆ ಇದು. ಬರಗಾಲದಲ್ಲಿ ತಿಂಗಳುಗಟ್ಟಲೆ ಇದನ್ನೇ ತಿಂದವರ ಕಾಲುಗಳು ಸೆಟೆದು ನಡಿಗೆ ನಿಂತುಹೋಗುತ್ತಿತ್ತು. ಕಾಳಿನಲ್ಲಿರುವ ಒಂದು ನರವಿಷ ಇದಕ್ಕೆ ಕಾರಣ. 1961ರಲ್ಲಿ ಮಾರಾಟ ನಿಷೇಧದ ನಿಯಮ ಬಂತು. ಯಾವ ದಿನದಿಂದ ಎಂಬುದನ್ನು ಮಾತ್ರ ಆಯಾ ರಾಜ್ಯಗಳೇ ಅಧಿಸೂಚನೆಯಲ್ಲಿ ಹೇಳಬೇಕು! ಹೀಗಾಗಿ ಛತ್ತೀಸಗಢದ ಗದ್ದೆಗಳಲ್ಲಿ ಅದನ್ನು ಈಗಲೂ ಬಿತ್ತುತ್ತಾರೆ. ಮಹಾರಾಷ್ಟ್ರ 2008ರಲ್ಲಿ ನಿಷೇಧವನ್ನೇ ತೆಗೆಯಿತು.

ಅಗ್ಗದ ಈ ಬೇಳೆಯನ್ನು ತೊಗರಿಗೆ, ಕಡಲೆಗೆ ಬೆರೆಸುವವರಿದ್ದಾರೆ. ತೊಗರಿಬೇಳೆ ದುಂಡಗಿರುತ್ತದೆ, ಕೇಸರಿಯದು ಒಂದು ಬದಿ ಓರೆ, ಬೆಣೆಯ ಆಕಾರ. ತಟ್ಟೆಯಲ್ಲಿ ಹರಡಿ ನೋಡಿ. ಅಂಥ ಕಾಳು ಕಂಡರೆ ವಕೀಲರನ್ನು ಆಮೇಲೆ ಕರೆಯಿರಿ, ಮೊದಲು ಬೇಳೆಯನ್ನು ಅಂಗಡಿಗೆ ವಾಪಸು ಕೊಡಿ.